ಉದ್ರಿ ಪುಸ್ತಕದಿಂದ ಕಂಪ್ಯೂಟರ್‌ಗೆ: ಮೊದಲು ಗುಮಾಸ್ತರನ್ನು ಕೇಳಿ

ನಮ್ಮದು ಹಾರ್ಡ್‌ವೇರ್ ಅಂಗಡಿ. ಒಂದು ಗೋಡೌನ್, ಒಂಬತ್ತು ಜನ. ಬಿಲ್ಲಿಂಗ್ ಸಾಫ್ಟ್‌ವೇರ್ ತರಲು ಎರಡು ಸಲ ಹೊರಟೆ, ಮೊದಲ ಸಲ ಸರಿಯಾಗಿ ಕೈ ಸುಟ್ಟುಕೊಂಡೆ. ಸೋಮವಾರ ಬೆಳಗ್ಗೆ "ಇವತ್ತಿಂದ ಎಲ್ಲ ಕಂಪ್ಯೂಟರ್‌ನಲ್ಲೇ" ಅಂದೆ, ಸಾಫ್ಟ್‌ವೇರ್ ಹುಡುಗ ಬಂದು ಎರಡು ಗಂಟೆ ತೋರಿಸಿ ಹೋದ, ಮೂರು ವಾರ ಕಳೆಯುವಷ್ಟರಲ್ಲಿ ಉದ್ರಿ ಪುಸ್ತಕ ಮತ್ತೆ ಗಲ್ಲಾದ ಪಕ್ಕ ಬಂದು ಕೂತಿತ್ತು.

ಜನಕ್ಕೆ ಕಂಪ್ಯೂಟರ್ ಬರಲ್ಲ ಅಂತ ಬೈದೆ. ತಪ್ಪು ನನ್ನದೇ. ಯಾರ ಬಾಕಿ ಎಷ್ಟು, ಯಾವ ಮೇಸ್ತ್ರಿ ಹಬ್ಬದ ಮುಂಚೆ ಕೊಡ್ತಾನೆ, ಯಾರು ಕೊಡಲ್ಲ ಅನ್ನೋದೆಲ್ಲ ನಮ್ಮ ಗುಮಾಸ್ತರ ಬಾಯಲ್ಲೇ ಇತ್ತು. ಅವರ ಮರ್ಯಾದೆ ಇದ್ದದ್ದೇ ಅದರಲ್ಲಿ. ಅದನ್ನು ಒಂದು ಡಬ್ಬಕ್ಕೆ ಹಾಕ್ತೀನಿ ಅಂದ್ರೆ ಯಾರು ತಾನೇ ಒಪ್ಪುತ್ತಾರೆ?

ಹಾಗಾಗಿ ಎರಡನೇ ಸಲ ಅವರ ಮುಂದೆ ಕೂತು ಕೇಳಿದೆ, "ಅಣ್ಣಾ, ಐಟಂ ಪಟ್ಟಿ ನೀವೇ ಮಾಡಿಕೊಡಿ." ಕಂಪನಿಯವರು ತುಂಬಿಕೊಟ್ಟ ಪಟ್ಟಿಯಲ್ಲಿ "ವೈರ್ ನೇಲ್ 50 ಎಂಎಂ" ಅಂತಿತ್ತು. ನಮ್ಮಲ್ಲಿ ಅದು ಎರಡಿಂಚು ಮೊಳೆ. ಗಿರಾಕಿ ಕೌಂಟರ್ ಮುಂದೆ ನಿಂತಿರುವಾಗ ಹುಡುಗ ಆ ಇಂಗ್ಲಿಷ್ ಹೆಸರು ಹುಡುಕುತ್ತಾ ಇದ್ರೆ ಪುಸ್ತಕಕ್ಕೇ ಕೈ ಹೋಗೋದು ಸಹಜ ಅಲ್ವಾ? ಗುಮಾಸ್ತರು ನಾಲ್ಕು ದಿನ ಕೂತು ಅಂಗಡಿ ಮಾತಿನಲ್ಲೇ ಹೆಸರು ಬರೆದುಕೊಟ್ಟರು. ಆಮೇಲೆ ಬೇರೆಯವರಿಗೆ ಕಲಿಸಿದ್ದೂ ಅವರೇ. ನಿಮ್ಮಲ್ಲೂ ಇಂಥವರು ಒಬ್ಬರು ಇದ್ದೇ ಇರುತ್ತಾರೆ, ಅವರನ್ನು ಬಿಟ್ಟು ಶುರು ಮಾಡಬೇಡಿ.

ಇನ್ನು ತಾರೀಕು. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂದಾಗ ಗೊಣಗಿಕೊಂಡಾದರೂ ಎಲ್ಲರೂ ಬದಲಾದೆವು, ಯಾಕಂದ್ರೆ ತಾರೀಕು ಸರ್ಕಾರದ್ದು. ನಮ್ಮ ಪಾಡಿಗೆ ನಾವು ಮಾಡೋ ಬದಲಾವಣೆಗೆ ನಾವೇ ಗಡುವು ಇಡಬೇಕು. ಏಪ್ರಿಲ್ 1 ಒಳ್ಳೆಯದು, ಲೆಕ್ಕದ ವರ್ಷ ಶುರುವಾಗೋದೇ ಅವತ್ತು, ಹಳೆ ಬಾಕಿ ತಂದು ಏರಿಸೋದು ಸುಲಭ. ದೀಪಾವಳಿ ಸೀಸನ್‌ನಲ್ಲಂತೂ ಬೇಡವೇ ಬೇಡ. ಪುಸ್ತಕ, ಕಂಪ್ಯೂಟರ್ ಎರಡೂ ಒಟ್ಟಿಗೆ ಒಂದೇ ತಿಂಗಳು ನಡೆಯಲಿ, ಜಾಸ್ತಿ ಬಿಟ್ಟರೆ ಎರಡೂ ಅರ್ಧಂಬರ್ಧ ಆಗುತ್ತವೆ.

ಮೊದಲ ಸಲ ಸ್ಟಾಕ್ ಎಣಿಸಿದಾಗ ಮಾಲು ಕಡಿಮೆ ಬರುತ್ತೆ, ಬಂದೇ ಬರುತ್ತೆ. "ಈ ಸಲದ ಕೊರತೆಗೆ ಯಾರನ್ನೂ ಕೇಳಲ್ಲ, ಯಾರ ಸಂಬಳಕ್ಕೂ ಕೈ ಹಾಕಲ್ಲ" ಅಂತ ಎಣಿಸೋ ಮುಂಚೆಯೇ ಹೇಳಿಬಿಡಿ. ಇಲ್ಲಾಂದ್ರೆ ಗೋಡೌನ್ ಹುಡುಗರು ಸುಮ್ನೆ ಅಂದಾಜಿಗೆ ಸಂಖ್ಯೆ ಬರೆದುಕೊಡ್ತಾರೆ, ಆಮೇಲೆ ವರ್ಷವಿಡೀ ಅದೇ ಸುಳ್ಳಿನ ಮೇಲೆ ಲೆಕ್ಕ.

ಕೆಡಿಸೋದು ಮಾತ್ರ ಹೆಚ್ಚಾಗಿ ಮಾಲೀಕರೇ. ನಮ್ಮಪ್ಪ ಒಂದು ಸಂಜೆ ಗೆಳೆಯರಿಗೆ ಎರಡು ಡಬ್ಬ ಪೇಂಟ್ ಕೊಟ್ಟು "ಆಮೇಲೆ ಹಾಕ್ಕೊಳ್ರೋ" ಅಂದರು. ಮಾರನೇ ದಿನ ಎಲ್ಲರ ಬಾಯಲ್ಲೂ ಅದೇ ಮಾತು. ಕೊನೆಗೆ ಅಪ್ಪನನ್ನೇ ಕೂರಿಸಿ ಆ ಪೇಂಟಿನ ಬಿಲ್ ಹೊಡೆಸಿದೆ, ಎಲ್ಲರೂ ನೋಡ್ತಾ ಇದ್ದರು, ಒಂದು ಬೆರಳಲ್ಲಿ ಒತ್ತಿ ಒತ್ತಿ ಹತ್ತು ನಿಮಿಷ ಹಿಡಿಯಿತು.

ಹಳೆ ಪುಸ್ತಕಗಳನ್ನು ರದ್ದಿಗೆ ಹಾಕಬೇಡಿ. ಜಿಎಸ್‌ಟಿ ಲೆಕ್ಕಪತ್ರಗಳನ್ನು ಆಯಾ ವರ್ಷದ ವಾರ್ಷಿಕ ರಿಟರ್ನ್ ಗಡುವಿನಿಂದ 72 ತಿಂಗಳು ಇಟ್ಟುಕೊಳ್ಳಲೇಬೇಕು. ನಮ್ಮವು ಅಟ್ಟದ ಮೇಲಿವೆ. ಗುಮಾಸ್ತರು ಈಗಲೂ ಒಮ್ಮೊಮ್ಮೆ ಹತ್ತಿ, ಕಂಪ್ಯೂಟರ್ ಹೇಳಿದ ಹಳೆ ಬಾಕಿ ಸರಿ ಇದೆಯಾ ಅಂತ ನೋಡಿಕೊಂಡು ಬರುತ್ತಾರೆ.