ನಾಗರಿಕ ಜ್ಯೂರಿ: ಚೀಟಿ ಎತ್ತುವಲ್ಲೇ ಎಡವಬೇಡಿ

ವಾಸನೆ ಬಾರದ ಕಾಲುಚೀಲ, ಬ್ಯಾಕ್ಟೀರಿಯಾ ಕೊಲ್ಲುವ ವಾಷಿಂಗ್ ಮೆಷಿನ್ ಎಂದೆಲ್ಲ ನ್ಯಾನೊ ಬೆಳ್ಳಿ, ಎಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಬೆಳ್ಳಿಯ ಕಣ, ನಮ್ಮ ಮನೆಯೊಳಗೆ ಬಂದಾಗಿದೆ. ಅದು ಬೇಕೋ ಬೇಡವೋ, ಬೇಕಾದರೆ ಯಾವ ಷರತ್ತಿಗೆ ಎಂದು ಬಳಸುವವರನ್ನೇ ಕೂರಿಸಿ ಕೇಳುವ ಕ್ರಮಕ್ಕೆ ನಾಗರಿಕ ಜ್ಯೂರಿ ಎನ್ನುತ್ತಾರೆ. ಕರ್ನಾಟಕಕ್ಕೆ ಇದು ಹೊಸತಲ್ಲ. 2000ದಲ್ಲಿ ಚಿತ್ರದುರ್ಗದಲ್ಲಿ ಕುಲಾಂತರಿ ಬೀಜದ ಬಗ್ಗೆ 14 ಮಂದಿಯ ಜ್ಯೂರಿ ಕೂತಿತ್ತು: 9 ಮತ ಬೇಡ, 4 ಬೇಕು, ಒಂದು ಅಸಿಂಧು.

ಮೊದಲು ಪ್ರಶ್ನೆ. ‘ನ್ಯಾನೊ ತಂತ್ರಜ್ಞಾನ ಒಳ್ಳೆಯದೇ?’ ಎಂದರೆ ಭಾಷಣವೇ ಸಿಗುತ್ತದೆ. ‘ನ್ಯಾನೊ ಬೆಳ್ಳಿಯ ಬಟ್ಟೆಯ ಮೇಲೆ ಹಾಗೆಂದು ಅಚ್ಚು ಹಾಕಬೇಕೇ?’ ಎಂದು ಕೇಳಿ. ಯುರೋಪಿನಲ್ಲಿ ಸೌಂದರ್ಯವರ್ಧಕಗಳ ಮೇಲೆ 2013ರ ಜುಲೈಯಿಂದ ‘ನ್ಯಾನೊ’ ಎಂದು ಬರೆಯುವುದು ಕಡ್ಡಾಯ. ಹೋಲಿಸಿ ನೋಡಲು ಅದು ಸಾಕು.

ಎರಡನೆಯದು ಜನರ ಆಯ್ಕೆ. ಹೆಚ್ಚಿನವರು ಹಳ್ಳಕ್ಕೆ ಬೀಳುವುದು ಇಲ್ಲೇ. ವಾಟ್ಸ್ಆ್ಯಪ್‌ನಲ್ಲಿ ಆಮಂತ್ರಣ ಬಿಟ್ಟರೆ ನಿವೃತ್ತ ಬ್ಯಾಂಕ್ ಅಧಿಕಾರಿಗಳು, ಪ್ರಾಧ್ಯಾಪಕರು, ಯಾವ ಸಭೆಗೂ ತಪ್ಪದ ನಾಲ್ವರು ಬರುತ್ತಾರೆ. ಅದು ಜ್ಯೂರಿಯಲ್ಲ, ವಿಚಾರ ಸಂಕಿರಣ. ಆನ್‌ಲೈನ್ ಫಾರ್ಮ್ ಅದಕ್ಕಿಂತ ಕಡೆ. ಅದರ ಗೋಜಿಗೇ ಹೋಗಬೇಡಿ.

ಮತದಾರರ ಪಟ್ಟಿ ತೆಗೆದುಕೊಳ್ಳಿ. ನಾಲ್ಕು ಬೇರೆ ಬೇರೆ ಮತಗಟ್ಟೆ ಆರಿಸಿ, ಉದಾಹರಣೆಗೆ ಉಡುಪಿಯಲ್ಲಾದರೆ ಮಲ್ಪೆಯ ಕಡಲ ಬದಿಯದ್ದು ಒಂದು, ಮಣಿಪಾಲದ ಫ್ಲಾಟ್‌ಗಳದ್ದು ಒಂದು. ಪ್ರತಿಯೊಂದರಿಂದ 50ರಂತೆ ಕ್ರಮಸಂಖ್ಯೆಗಳನ್ನು ಚೀಟಿ ಎತ್ತಿ ಗುರುತಿಸಿ. 16 ಮಂದಿಯ ಜ್ಯೂರಿಗೆ 200 ಹೆಸರು ಹೆಚ್ಚೇನಲ್ಲ, ಕರಾವಳಿಯ ಪಟ್ಟಿಯಲ್ಲಿ ಹೆಸರಿದ್ದವರು ಮುಂಬೈಯಲ್ಲೋ ಗಲ್ಫಿನಲ್ಲೋ ಇರುತ್ತಾರೆ. ಪತ್ರ ಕಳಿಸಿ ಸುಮ್ಮನಿರಬೇಡಿ, ಮನೆಗೆ ಹೋಗಿ. ಜಗಲಿಯಲ್ಲಿ ಹೆಂಗಸರಿಂದ ಕೇಳುವ ಮಾತು ಹೆಚ್ಚುಕಮ್ಮಿ ಒಂದೇ: ‘ನಂಗೆಂತ ಗೊತ್ತುಂಟು, ಇವರು ಬರ್ತಾರೆ.’ ಬದಲಿ ಆಳನ್ನು ಒಪ್ಪಲೇಬೇಡಿ. ಒಪ್ಪಿದರೆ ಹೆಂಗಸರ ಹೆಸರಿಗೆಲ್ಲ ಗಂಡಸರು ಬಂದು ಕೂರುತ್ತಾರೆ, ಚೀಟಿ ಎತ್ತಿದ್ದು ದಂಡ. ಆಕೆ ಆಗುವುದೇ ಇಲ್ಲ ಎಂದರೆ ಮುಂದಿನ ಚೀಟಿಗೆ ಹೋಗಿ. ಬೆಳ್ಳಿಯ ಬಟ್ಟೆ ಒಗೆದ ನೀರು ಚರಂಡಿಗಲ್ಲ, ಬಾವಿ ಪಕ್ಕದ ತೆಂಗಿನ ಬುಡಕ್ಕೆ ಹೋಗುತ್ತದೆ ಎಂದು ತಜ್ಞರಿಗೆ ನೆನಪಿಸುವುದು ಒಗೆಯುವವಳೇ.

ಒಪ್ಪಿದವರ ಹೆಸರನ್ನು ಹೆಂಗಸರು, ಗಂಡಸರು, ವಯಸ್ಸು, ಕಸುಬು ನೋಡಿ ಗುಂಪು ಮಾಡಿ, ಪ್ರತಿ ಗುಂಪಿನಿಂದ ಎಲ್ಲರೆದುರು ಮತ್ತೆ ಚೀಟಿ ಎತ್ತಿ. 16 ಜನ, ಮೇಲಿಂದ ಮೂವರು ಕಾಯ್ದಿಟ್ಟವರು. ದಿನಗೂಲಿಯನ್ನು ಅದೇ ಸಂಜೆ ನಗದಾಗಿ ಕೊಡಿ. ಶಾಲು, ಸ್ಮರಣಿಕೆಯಿಂದ ಬೀಡಿ ಕಟ್ಟುವವಳ ಗಂಜಿ ಬೇಯುವುದಿಲ್ಲ.

ದಿನ ಗೊತ್ತು ಮಾಡುವಾಗ ಶುಕ್ರವಾರದ ನಮಾಜು, ಆದಿತ್ಯವಾರದ ಚರ್ಚಿನ ಪೂಜೆ, ಕಟ್ಟಿದ ಬೀಡಿಯನ್ನು ಬ್ರಾಂಚಿಗೆ ಒಪ್ಪಿಸುವ ದಿನ ಬಿಡಿ. ಮೀನುಗಾರರು ಬೇಕಾದರೆ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟು ಕಡಲಿಗಿಳಿಯುವುದಿಲ್ಲ, ಆಗ ಇಟ್ಟುಕೊಳ್ಳಿ. ಮಳೆಗೆ ಹೆದರಿದರೆ ಆಗದು.

ಸಾಕ್ಷಿಗಳು, ಎಂದರೆ ಜ್ಯೂರಿಗೆ ವಿಷಯ ತಿಳಿಸುವ ತಜ್ಞರು, ನಾಲ್ವರು ಸಾಕು: ಪರವಾಗಿ ಒಬ್ಬರು, ವಿರೋಧವಾಗಿ ಒಬ್ಬರು, ನೀರು ಬಲ್ಲವರೊಬ್ಬರು, ಕಾನೂನು ಬಲ್ಲವರೊಬ್ಬರು. ಮಾತಿಗೆ 20 ನಿಮಿಷ, ಪ್ರಶ್ನೆಗೆ 40. ತಿರುಗಾಮುರುಗಾ ಮಾಡಿದರೆ ಕೆಟ್ಟಿತು. ಪವರ್‌ಪಾಯಿಂಟ್ ಬೇಡ, ಕಾಲುಚೀಲವನ್ನೇ ಮೇಜಿನ ಮೇಲಿಡಿ. ನ್ಯಾನೊಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು. ಉಗುರು ಒಂದು ಸೆಕೆಂಡಿನಲ್ಲಿ ಬೆಳೆಯುವುದು ಸುಮಾರು ಅಷ್ಟು. ಒಗೆದಾಗ ಬೆಳ್ಳಿ ಸ್ವಲ್ಪ ಬಿಟ್ಟು ಹೋಗುತ್ತದೆ. ಕೊಳಚೆ ಶುದ್ಧೀಕರಣ ಘಟಕ ತಲುಪಿದರೆ ಅದರ ಹೆಚ್ಚಿನ ಪಾಲು ಗಂಧಕದೊಡನೆ ಸೇರಿ ವಿಷ ತಗ್ಗುತ್ತದೆ. ತೆಂಗಿನ ಬುಡಕ್ಕೆ ಹೋದರೆ ಏನು ಕತೆ? ಇದನ್ನು ನೀರು ಬಲ್ಲವರಿಗೆ ಮುಂಚೆಯೇ ತಿಳಿಸಿಡಿ, ಇಲ್ಲದಿದ್ದರೆ ತಡವರಿಸುತ್ತಾರೆ. ನಡೆಸಿಕೊಡುವವರಿಗೆ ತುಳು ಬರಲೇಬೇಕು. ಮೇಷ್ಟ್ರು ಬೇಡ, ತಿದ್ದುವ ಚಾಳಿ ಬಿಡುವುದಿಲ್ಲ.

ಚರ್ಚೆಗೆ ಅರ್ಧ ದಿನ. ಬಾಗಿಲು ಹಾಕಿ, ಸಾಕ್ಷಿಗಳೂ ಸಂಘಟಕರೂ ಹೊರಗೆ.

ತೀರ್ಪಿನಲ್ಲಿ ಕಾರಣ ಬರೆಸಿ, ಒಪ್ಪದವರ ಮಾತನ್ನೂ ಸೇರಿಸಿ. ಪುರಾವೆ ಕಾಣದ ‘99.9% ಬ್ಯಾಕ್ಟೀರಿಯಾ ಕೊಲ್ಲುತ್ತದೆ’ ಎಂಬ ಜಾಹೀರಾತಿನ ದೂರು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕೆ ಹೋಗಲಿ. ಭಾರತೀಯ ಮಾನಕ ಬ್ಯೂರೊ (ಬಿಐಎಸ್) ಕರಡು ಮಾನಕಗಳನ್ನು ಸಾರ್ವಜನಿಕರ ಅಭಿಪ್ರಾಯಕ್ಕೆ ಬಿಡುತ್ತದೆ, ತೀರ್ಪು ಕಳಿಸಲು ಅದೇ ಸಮಯ. ಜ್ಯೂರಿಯವರ ಮನೆಗೂ ಒಂದೊಂದು ಪ್ರತಿ ತಲುಪಲಿ, ಕನ್ನಡದಲ್ಲಿ.