ಚೀನಾದ ಚೀಲ ಬರದ ವರ್ಷ ನಮ್ಮ ದ್ರಾಕ್ಷಿ ತೋಟ

2025ರ ಮೇ ತಿಂಗಳ ಕೊನೆಯ ವಾರ. ವಿಜಯಪುರ ಜಿಲ್ಲೆ ತಿಕೋಟಾ ತಾಲ್ಲೂಕಿನ ನಮ್ಮ ಮೂರು ಎಕರೆ ದ್ರಾಕ್ಷಿಗೆ ಏಪ್ರಿಲ್ ಚಾಟ್ನಿ ಮಾಡಿ ನಲವತ್ತು ದಿನ ಆಗಿತ್ತು. ಚಾಟ್ನಿ ಅಂದರೆ ಬಳ್ಳಿಯ ಕಡ್ಡಿ ಕತ್ತರಿಸುವುದು; ನಾವು ವರ್ಷಕ್ಕೆ ಎರಡು ಸಲ, ಏಪ್ರಿಲ್ ಮತ್ತು ಅಕ್ಟೋಬರಿನಲ್ಲಿ ಮಾಡುತ್ತೇವೆ. ದ್ರಾಕ್ಷಿ ಬೆಳೆಯದವರಿಗೆ ಇಲ್ಲೊಂದು ಮಾತು ಹೇಳಬೇಕು. ಚಳಿಗಾಲದಲ್ಲಿ ಚಪ್ಪರದ ಕೆಳಗೆ ಜೋತುಬೀಳುವ ಗೊನೆ ಅಕ್ಟೋಬರ್ ಚಾಟ್ನಿಯ ನಂತರ ಹುಟ್ಟುವುದಲ್ಲ. ಏಪ್ರಿಲ್ ಚಾಟ್ನಿಯಾದ 40ರಿಂದ 60 ದಿನದೊಳಗೆ ಅದು ಕಡ್ಡಿಯ ಕಣ್ಣಿನಲ್ಲಿ ಕೂತುಬಿಟ್ಟಿರುತ್ತದೆ. ಆಗ ತಪ್ಪಿದರೆ ಇಡೀ ವರ್ಷ ತಪ್ಪಿದ ಹಾಗೆ. ಆ ಹೊತ್ತಿಗೆ ರಂಜಕ ಬೇಕೆಂದು ನಾವೆಲ್ಲ ಡ್ರಿಪ್ಪಿನಲ್ಲಿ 12:61 ಗೊಬ್ಬರ ಬಿಡುತ್ತೇವೆ, ಆಮೇಲೆ 0:52:34. ಈ ಅಂಕಿಗಳು ಕ್ರಮವಾಗಿ ಸಾರಜನಕ, ರಂಜಕ, ಪೊಟ್ಯಾಷಿನ ಶೇಕಡಾ ಲೆಕ್ಕ. ನಾನು ಹನ್ನೆರಡು ವರ್ಷ ಹಾಗೇ ಮಾಡಿದವನು.

ಆ ದಿನ ವಿಜಯಪುರದ ಗೊಬ್ಬರದ ಅಂಗಡಿಯಲ್ಲಿ ಎರಡೂ ಇರಲಿಲ್ಲ. "ಇಲ್ರಿ ಅಣ್ಣಾರ, ಚೀನಾದಿಂದ ಮಾಲ್ ನಿಂತಾವಂತ. ಯಾವಾಗ ಬರ್ತಾವ ಯಾರಿಗೂ ಗೊತ್ತಿಲ್ಲ." ಇನ್ನೊಂದು ಅಂಗಡಿಯಲ್ಲಿ ಎರಡು ಚೀಲ ಇದ್ದವು, ಹಿಂದಿನ ವರ್ಷದ ಒಂದೂವರೆ ಪಟ್ಟು ರೇಟಿಗೆ. ಎರಡನ್ನೂ ತಂದೆ. ಆ ವರ್ಷ ಮೇ ತಿಂಗಳಲ್ಲೇ ಮಳೆ ಹಿಡಿದಿತ್ತು, ಮೋಡ ಸರಿಯುತ್ತಿರಲಿಲ್ಲ, ಕಡ್ಡಿಗೆ ಬಿಸಿಲು ಸಿಗುತ್ತಿರಲಿಲ್ಲ. ಅದರ ಮೇಲೆ ಇದು. ರಾತ್ರಿ ನಿದ್ದೆ ಬರಲಿಲ್ಲ.

ಬೆಳಿಗ್ಗೆ ಮೋಟಾರಿನ ಕೋಣೆಯಲ್ಲಿ ಮಡಚಿಟ್ಟ ಖಾಲಿ ಚೀಲಗಳನ್ನು ಹೊರಗೆ ಹಾಸಿ ಒಂದೊಂದಾಗಿ ತಿರುವಿ ನೋಡಿದೆ. ಮುಂದುಗಡೆ ದೊಡ್ಡ ದ್ರಾಕ್ಷಿ ಗೊನೆಯ ಚಿತ್ರ, ನಮ್ಮ ದೇಶದ ಕಂಪನಿಗಳ ಹೆಸರು. ಹಿಂದುಗಡೆ ಹೊಲಿಗೆಯ ಹತ್ತಿರ ಸಣ್ಣ ಅಕ್ಷರದಲ್ಲಿ ಮೂಲ ದೇಶ. ಹನ್ನೊಂದು ಚೀಲದಲ್ಲಿ ಒಂಬತ್ತು ಚೀನಾದವು. ಐದು ಬೇರೆ ಬೇರೆ ಕಂಪನಿಯ ಗೊಬ್ಬರ ಬಳಸುತ್ತೇನೆ ಎಂದುಕೊಂಡಿದ್ದೆ. ನಿಜದಲ್ಲಿ ಒಂದೇ ಬಾಗಿಲಿನಿಂದ ಬಂದದ್ದನ್ನು ಐದು ಹೆಸರಿನಲ್ಲಿ ಕೊಳ್ಳುತ್ತಿದ್ದೆ.

ದೇಶದ ಲೆಕ್ಕವೂ ಬಹಳ ಬೇರೆಯಲ್ಲ. ನೀರಿನಲ್ಲಿ ಕರಗುವ ಈ ವಿಶೇಷ ಗೊಬ್ಬರಗಳಲ್ಲಿ ಸುಮಾರು ಶೇ. 80 ಚೀನಾದಿಂದಲೇ ಬರುತ್ತದೆ ಎಂದು ಆಮದು ಮಾಡುವ ಉದ್ಯಮದವರೇ ಆಗ ಹೇಳಿದರು. ಅಲ್ಲಿನ ಸರ್ಕಾರ ರಫ್ತು ನಿಷೇಧ ಎಂದು ಬಾಯಿಬಿಟ್ಟು ಹೇಳಿರಲಿಲ್ಲ. ಭಾರತಕ್ಕೆ ಹೊರಟ ಮಾಲಿನ ತಪಾಸಣೆಯನ್ನೇ ಮಾಡದೆ ನಿಲ್ಲಿಸಿದರೆ ಹಡಗು ತಾನಾಗಿ ನಿಲ್ಲುತ್ತದೆ. 2021ರ ಅಕ್ಟೋಬರಿನಲ್ಲೇ ಅವರು ಗೊಬ್ಬರದ ರಫ್ತಿಗೆ ಇಂಥ ತಪಾಸಣೆ ಕಡ್ಡಾಯ ಮಾಡಿದ್ದರು. ಎಚ್ಚರಿಕೆ ಮೂರೂವರೆ ವರ್ಷ ಮುಂಚೆಯೇ ಬಂದಿತ್ತು. ಇನ್ನೊಂದು ಕಾರಣವೂ ಇದೆ. ಈಗಿನ ವಿದ್ಯುತ್ ವಾಹನಗಳ ಎಲ್‌ಎಫ್‌ಪಿ (ಲಿಥಿಯಂ-ಕಬ್ಬಿಣ-ಫಾಸ್ಫೇಟ್) ಬ್ಯಾಟರಿಗೂ ಶುದ್ಧ ರಂಜಕ ಬೇಕು. ಅವರ ಮನೆಯೊಳಗೇ ಬೇಡಿಕೆ ಏರಿದಾಗ ನಮ್ಮ ತೋಟದ ಚಿಂತೆ ಅವರಿಗೇಕೆ ಇರುತ್ತದೆ?

ಹೊರಗಿನಿಂದ ತರುವುದೇ ತಪ್ಪು ಎಂದು ನಾನು ಹೇಳುವುದಿಲ್ಲ. ಎಂಒಪಿ ಎಂಬ ಸಾಮಾನ್ಯ ಪೊಟ್ಯಾಷ್ ಗೊಬ್ಬರವನ್ನು ಭಾರತ ಪೂರ್ತಿಯಾಗಿ ಆಮದು ಮಾಡುತ್ತದೆ. ಆದರೆ ಅದು ಕೆನಡಾ, ರಷ್ಯಾ, ಬೆಲಾರುಸ್, ಜೋರ್ಡಾನ್, ಇಸ್ರೇಲ್ ಹೀಗೆ ನಾಲ್ಕಾರು ಕಡೆಯಿಂದ ಬರುತ್ತದೆ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದಾಗ ರೇಟು ಏರಿತು, ಆದರೂ ಗೊಬ್ಬರ ಸಿಕ್ಕಿತು. ಒಂದೇ ಬಾವಿಗೆ ಊರೆಲ್ಲ ಕೊಡ ಹಿಡಿದು ನಿಂತಾಗಲೇ ತಾಪತ್ರಯ.

ನಾನು ಮೊದಲು ಮಾಡಿದ್ದು ಮಣ್ಣಿನ ಪರೀಕ್ಷೆ. ಹೇಳಲು ನಾಚಿಕೆಯಾಗುತ್ತದೆ, ಅದಕ್ಕೂ ಮುಂಚೆ ಏಳು ವರ್ಷ ಮಾಡಿಸಿರಲಿಲ್ಲ. ಡ್ರಿಪ್ಪರಿನ ಬುಡದಲ್ಲೇ ಗುಣಿ ತೋಡಿ, ಅರ್ಧ ಅಡಿಯ ಮಣ್ಣು ಬೇರೆ, ಒಂದಡಿಯ ಮಣ್ಣು ಬೇರೆ ತೆಗೆದು ಹಿಟ್ನಳ್ಳಿಯ ಕೃಷಿ ಸಂಶೋಧನಾ ಕೇಂದ್ರಕ್ಕೆ ಒಯ್ದೆ. ಜೊತೆಗೆ ಎಲೆಯ ದೇಟಿನ ಪರೀಕ್ಷೆ. ಚಾಟ್ನಿಯಾದ 45ನೇ ದಿನ, ಕಡ್ಡಿಯ ಬುಡದಿಂದ ಎಣಿಸಿ ಐದನೇ ಎಲೆ. ಬೆಳಿಗ್ಗೆ ಹೊತ್ತು ಕಿತ್ತು, ಎಲೆಯನ್ನು ಆಗಲೇ ಚಿವುಟಿ ಒಗೆದು, ದೇಟನ್ನಷ್ಟೇ ಇಟ್ಟುಕೊಳ್ಳಬೇಕು. ನೂರಕ್ಕೂ ಹೆಚ್ಚು ದೇಟು, ಬೇರೆ ಬೇರೆ ಗಿಡದಿಂದ. ತೊಳೆದು ನೆರಳಲ್ಲಿ ಆರಿಸಿ ಕಾಗದದ ಪಾಕೀಟಿನಲ್ಲಿ ಹಾಕಿ ಪುಣೆಯ ಪ್ರಯೋಗಾಲಯಕ್ಕೆ ಕಳಿಸಿದೆ. ಪ್ಲಾಸ್ಟಿಕ್ಕಿನಲ್ಲಿ ಹಾಕಿದರೆ ಬೆವತು ಕೊಳೆಯುತ್ತದೆ.

ವರದಿ ಬಂದಾಗ ಎರಡು ಸಲ ಓದಿದೆ. ಮಣ್ಣಿನಲ್ಲಿ ರಂಜಕ "ಹೆಚ್ಚು". ದೇಟಿನಲ್ಲೂ ಸಾಕಷ್ಟು. ಕಡಿಮೆ ಇದ್ದದ್ದು ಸತು. ಹಿಟ್ನಳ್ಳಿಯ ವಿಜ್ಞಾನಿಯೊಬ್ಬರು ಕೂರಿಸಿಕೊಂಡು ಬಿಡಿಸಿ ಹೇಳಿದರು. ನಮ್ಮದು ಸುಣ್ಣ ಬೆರೆತ ಎರೆ ಮಣ್ಣು. ಹಾಕಿದ ರಂಜಕದ ಬಹುಭಾಗವನ್ನು ಸುಣ್ಣ ಹಿಡಿದಿಟ್ಟುಕೊಳ್ಳುತ್ತದೆ, ತೊಳೆದು ಹೋಗಲು ಬಿಡುವುದಿಲ್ಲ. ಹನ್ನೆರಡು ವರ್ಷ ಸುರಿದದ್ದು ಅಲ್ಲೇ ಕೂತಿದೆ. ರಂಜಕ ಅತಿಯಾದರೆ ಗಿಡಕ್ಕೆ ಸತು ಸಿಗುವುದಿಲ್ಲ, ಅದಕ್ಕೇ ಎಲೆ ಸಣ್ಣ. ಅಂದರೆ ಚೀನಾದ ರಂಜಕ ಕೊಂಡು ಸತುವಿನ ಕೊರತೆ ತರಿಸಿಕೊಂಡು, ಆ ಕೊರತೆಗೆ ಮತ್ತೆ ಸತುವಿನ ಡಬ್ಬಿ ಕೊಂಡು ಸಿಂಪಡಿಸುತ್ತಿದ್ದೆ. ಇಷ್ಟು ವರ್ಷದ ದುಡ್ಡು ನೆನೆದು ಹೊಟ್ಟೆ ಉರಿಯಿತು.

ಒಂದು ಎಕರೆಗೆ ಹಳೆಯ ಪದ್ಧತಿಯಂತೆ, ತಂದಿದ್ದ ಎರಡು ಚೀಲ ಬಿಟ್ಟೆ. ಉಳಿದ ಎರಡು ಎಕರೆಗೆ 12:61 ಬಿಡಲೇ ಇಲ್ಲ. ರಂಜಕ ಕರಗಿಸುವ ಜೀವಾಣುವನ್ನು ಬೆಲ್ಲದ ನೀರಿನಲ್ಲಿ ಒಂದು ರಾತ್ರಿ ಇಟ್ಟು, ಸೋಸಿ, ವಾರ ಬಿಟ್ಟು ವಾರ ಡ್ರಿಪ್ಪಿನಲ್ಲಿ ಕೊಟ್ಟೆ. ಸೋಸದಿದ್ದರೆ ಡ್ರಿಪ್ಪರ್ ಕಟ್ಟುತ್ತವೆ, ಮೊದಲ ಸಲ ನನಗೆ ಎರಡು ಸಾಲು ಕಟ್ಟಿದವು. ಸಾಲಿನ ಪಕ್ಕ ಸಣ್ಣ ಕಾಲುವೆ ತೋಡಿ ಕೊಳೆತ ತಿಪ್ಪೆಗೊಬ್ಬರದ ಜೊತೆ ಗಂಧಕ ಸೇರಿಸಿ ಮುಚ್ಚಿದೆ. ಸುಣ್ಣದ ಮಣ್ಣಿನಲ್ಲಿ ಬೇರಿನ ಸುತ್ತ ಸ್ವಲ್ಪ ಹುಳಿ ಹುಟ್ಟಬೇಕು, ಗಂಧಕದ ಕೆಲಸ ಅದು.

ಪೊಟ್ಯಾಷಿಗೂ ಹತ್ತಿರದ ದಾರಿ ಹುಡುಕಿದೆ. ನಮ್ಮ ಸುತ್ತ ಸಕ್ಕರೆ ಕಾರ್ಖಾನೆಗಳಿಗೇನು ಕೊರತೆ? ಕಾಕಂಬಿಯಿಂದ ಸ್ಪಿರಿಟ್ ತೆಗೆದ ಮೇಲೆ ಉಳಿಯುವ ನೀರನ್ನು ಬಾಯ್ಲರಿನಲ್ಲಿ ಸುಡುತ್ತಾರೆ. ಆ ಬೂದಿಯಿಂದ ಮಾಡುವ ಗೊಬ್ಬರಕ್ಕೆ ಪಿಡಿಎಂ ಎನ್ನುತ್ತಾರೆ, ಅದರಲ್ಲಿ ಶೇ. 14.5 ಪೊಟ್ಯಾಷ್ ಇರುತ್ತದೆ. ಕಬ್ಬು ನೆಲದಿಂದ ಎತ್ತಿದ ಪೊಟ್ಯಾಷೇ ಅದು. ಆದರೆ ದ್ರಾಕ್ಷಿಯವರು ಕಣ್ಣು ಮುಚ್ಚಿ ಹಾಕಬಾರದು. ಡ್ರಿಪ್ಪಿನಲ್ಲಿ ಬಿಡುವ ಮಾಲಲ್ಲ, ಅದರಲ್ಲಿ ಕ್ಲೋರೈಡ್ ಇರುತ್ತದೆ, ಕ್ಷಾರ ಗುಣವೂ ಇದೆ. ದ್ರಾಕ್ಷಿಗೆ ಕ್ಲೋರೈಡ್ ಆಗದು. ನಾನು ನಾಲ್ಕು ಸಾಲಿಗಷ್ಟೇ, ತಿಪ್ಪೆಗೊಬ್ಬರದಲ್ಲಿ ಬೆರೆಸಿ ಹಾಕಿದ್ದೇನೆ. ಎಲೆಯ ಅಂಚು ಸುಟ್ಟಿಲ್ಲ. ಆದರೂ ಮಣ್ಣಿನ ಉಪ್ಪಿನ ಅಂಶ ಇನ್ನೂ ಎರಡು ವರ್ಷ ಅಳೆದು ನೋಡದೆ ಮುಂದುವರಿಯುವುದಿಲ್ಲ. ಪಕ್ಕದ ಕಬ್ಬಿಗೆ ಮಾತ್ರ ಧೈರ್ಯವಾಗಿ ಹಾಕಿದೆ.

ಅಕ್ಟೋಬರ್ ಚಾಟ್ನಿಯಾಗಿ ಗೊನೆ ಹೊರಬಿದ್ದಾಗ ಎರಡೂ ಕಡೆ ಇಪ್ಪತ್ತಿಪ್ಪತ್ತು ಗಿಡ ಎಣಿಸಿದೆ. ಮೋಡದ ದೆಸೆಯಿಂದ ಎರಡೂ ಕಡೆ ಗೊನೆ ಕಡಿಮೆ. 12:61 ಬಿಟ್ಟ ಎಕರೆಯಲ್ಲಿ ಗಿಡಕ್ಕೆ ಸರಾಸರಿ 24, ಬಿಡದ ಕಡೆ 25. ಒಂದು ವರ್ಷದ, ಒಂದೇ ತೋಟದ ಲೆಕ್ಕ ಇದು. ಮರಳು ಮಣ್ಣಿನವರು, ಹೊಸ ತೋಟದವರು ನನ್ನನ್ನು ನೋಡಿ ರಂಜಕ ಹಾಕುವುದನ್ನು ನಿಲ್ಲಿಸಬೇಡಿ. ಮೊದಲು ಪರೀಕ್ಷೆ ಮಾಡಿಸಿ.

ನನ್ನ ಕೈಯಿಂದ ಆಗದ್ದೂ ಇದೆ. ಕಾಯಿ ಹಿಗ್ಗುವಾಗ 13:0:45 ಬೇಕು, ಸಕ್ಕರೆ ಏರುವಾಗ 0:0:50 ಬೇಕು. ಅದಕ್ಕೆ ನಾವು ಹದಿನಾಲ್ಕು ಜನ ಸೇರಿ, ಸೀಸನ್ನಿಗೆ ಎರಡು ತಿಂಗಳು ಮುಂಚೆಯೇ ಒಟ್ಟಿಗೆ ಆರ್ಡರ್ ಕೊಟ್ಟೆವು. ಒಂದೇ ಶರತ್ತು ಹಾಕಿದೆವು: ಅರ್ಧ ಮಾಲಾದರೂ ಚೀನಾ ಬಿಟ್ಟು ಬೇರೆ ದೇಶದ್ದಿರಬೇಕು. ಚೀಲಕ್ಕೆ ಸ್ವಲ್ಪ ಹೆಚ್ಚು ಬಿತ್ತು. ಇಬ್ಬರು ತಕರಾರು ಮಾಡಿದರು. ಆ ಇಬ್ಬರಿಗೆ ನಮ್ಮ ಕಾಕಾ, "ರೇಟ್ ನೋಡಿ ಒಬ್ಬನ ಕಡೆನೇ ಹೋಗಿ ಹೋಗಿ ಈ ಗತಿ ಬಂದೈತಿ, ಸುಮ್ನ ಕೊಡ್ರಿ" ಎಂದರು. 2025ರ ಆಗಸ್ಟಿನಲ್ಲಿ ಚೀನಾದ ವಿದೇಶಾಂಗ ಸಚಿವರು ದೆಹಲಿಗೆ ಬಂದು ಗೊಬ್ಬರದ ತೊಡಕು ಬಿಡಿಸುವ ಭರವಸೆ ಕೊಟ್ಟಾಗ ಆ ಇಬ್ಬರೂ ಮತ್ತೆ ಕೇಳಿದರು, ಆರ್ಡರ್ ಬದಲಿಸೋಣವೇ ಎಂದು. ನಾವು ಬದಲಿಸಲಿಲ್ಲ.

ಈಗ ಮತ್ತೆ ಏಪ್ರಿಲ್ ಚಾಟ್ನಿ ಹತ್ತಿರ ಬಂತು. ನಮ್ಮ ಪಡಸಾಲೆಯಲ್ಲಿ ಆರು ತೋಟದ ಮಣ್ಣಿನ ಪಾಕೀಟು ಸಾಲಾಗಿ ಕೂತಿವೆ. ಮೊದಲು ತಂದಿಟ್ಟವರು, ತಕರಾರು ಮಾಡಿದ್ದ ಇಬ್ಬರಲ್ಲಿ ಒಬ್ಬರು. ಸೋಮವಾರ ಎಲ್ಲವನ್ನೂ ಹಿಟ್ನಳ್ಳಿಗೆ ಒಯ್ಯಬೇಕು.