ತಲೆಯೊಳಗೆ ನಿಂತ ಹಳೇ ರಕ್ತ: ನನ್ನ ಆಪರೇಷನ್ ಹೇಗೆ ಬದಲಾಯಿತು

ದಾವಣಗೆರೆಯಲ್ಲಿ ನ್ಯೂರೋಸರ್ಜನ್ ಆಗಿ ಕೂತರೆ ಬೈಕಿನಿಂದ ಬಿದ್ದ ಹುಡುಗರೇ ಹೆಚ್ಚು ಬರುತ್ತಾರೆ. ಊರು ಹೈವೇ ಪಕ್ಕ, ಹೆಲ್ಮೆಟ್ ಪೆಟ್ರೋಲ್ ಟ್ಯಾಂಕಿನ ಮೇಲೆ. ಅದರ ಬಗ್ಗೆ ಹೊಸದಾಗಿ ಬರೆಯೋಕೆ ಏನೂ ಇಲ್ಲ, ಬೈಯೋದೊಂದೇ ಬಾಕಿ. ನಾನು ಬರೆಯಹೊರಟಿದ್ದು ವಯಸ್ಸಾದವರ ಒಂದು ಕಾಯಿಲೆಯ ಬಗ್ಗೆ. ಹೆಸರು ಕ್ರಾನಿಕ್ ಸಬ್‌ಡ್ಯೂರಲ್ ಹೆಮಟೋಮಾ. ಮನೆಯವರಿಗೆ ನಾನು ಹೇಳೋದು ಇಷ್ಟೇ: ತಲೆಬುರುಡೆಗೂ ಮೆದುಳಿಗೂ ನಡುವೆ ಹಳೇ ರಕ್ತ ನಿಂತಿದೆ, ಅದನ್ನು ತೆಗೀಬೇಕು.

ನ್ಯೂರೋಸರ್ಜರಿಯಲ್ಲಿ ಇದಕ್ಕೆ ಮೊದಲಿಂದಲೂ ಮರ್ಯಾದೆ ಕಡಿಮೆ. ಸರ್ಜರಿ ಕಲಿಯುತ್ತಿರುವ ಪಿಜಿ ಹುಡುಗರಿಗೆ ಮೊದಲು ಕೈಗೆ ಕೊಡೋ ಆಪರೇಷನ್ ಇದು. ಆದರೆ ಕಳೆದ ಹದಿನೈದು ವರ್ಷದಲ್ಲಿ ಈ ಕಾಯಿಲೆಯ ಮೇಲೆ ಬಂದಷ್ಟು ಗಟ್ಟಿಯಾದ ಸಂಶೋಧನೆ ಎಷ್ಟೋ ದೊಡ್ಡ ದೊಡ್ಡ ಕಾಯಿಲೆಗಳ ಮೇಲೂ ಬಂದಿಲ್ಲ. ಅದರಲ್ಲಿ ಬಹುಪಾಲು ಹೊಸ ಮಷಿನ್ ಕೊಳ್ಳದೇ, ಓದಿದ ಮುಂದಿನ ವಾರವೇ ನಮ್ಮ ಓಟಿಯಲ್ಲಿ ಜಾರಿ ಮಾಡುವಂಥದ್ದು.

ಪೇಷೆಂಟು ಬರುವ ರೀತಿ ಹೆಚ್ಚುಕಡಿಮೆ ಒಂದೇ. ಎಪ್ಪತ್ತು ದಾಟಿದ ಯಜಮಾನರು. ತಿಂಗಳೊಪ್ಪತ್ತಿನಿಂದ ಮಂಕಾಗಿದ್ದಾರೆ, ಹಗಲೂ ಮಲಗೇ ಇರುತ್ತಾರೆ, ಪಂಚೆಯ ಗಂಟು ಕಟ್ಟೋಕೆ ಬರ್ತಿಲ್ಲ, ನಡೆಯುವಾಗ ಒಂದು ಕಾಲಿನ ಚಪ್ಪಲಿ ಕಳಚಿ ಬಿದ್ದರೂ ಅವರಿಗೆ ಗೊತ್ತಾಗಲ್ಲ. ಮನೆಯಲ್ಲಿ ಯಾರೂ ಗಾಬರಿ ಬಿದ್ದಿರಲ್ಲ. ಅರವತ್ತಕ್ಕೆ ಅರಳು ಮರಳು ಅಂತ ಗಾದೆಯೇ ಇರುವಾಗ ಎಪ್ಪತ್ತಕ್ಕೆ ಕೇಳೋರ್ಯಾರು? ಬಟ್ಟೆಯಲ್ಲೇ ಮೂತ್ರ ಆಗೋಕೆ ಶುರುವಾದ ಮೇಲೆ ಕರ್ಕೊಂಡು ಬರ್ತಾರೆ.

'ತಲೆಗೆ ಪೆಟ್ಟು ಬಿದ್ದಿತ್ತಾ?' ಅಂತ ನಾನು ಕೇಳೋದು ಬಿಟ್ಟಿದ್ದೀನಿ. ಆ ಪ್ರಶ್ನೆಗೆ ಉತ್ತರ ಯಾವಾಗಲೂ 'ಇಲ್ಲ'. ಪೆಟ್ಟು ಅಂದರೆ ರಕ್ತ ಬರಬೇಕು, ಹೊಲಿಗೆ ಹಾಕಿರಬೇಕು ಅಂತ ಅವರ ಲೆಕ್ಕ. ಬದಲಿಗೆ, ಬಚ್ಚಲಲ್ಲಿ ಜಾರಿದ್ರಾ, ಕಾರಿನ ಬಾಗಿಲು ತಾಗಿತ್ತಾ, ತೋಟದಲ್ಲಿ ಗರಿ ಏನಾದ್ರೂ ಬಿದ್ದಿತ್ತಾ ಅಂತ ಒಂದೊಂದಾಗಿ ಕೇಳ್ತೀನಿ. ಚನ್ನಗಿರಿ ಕಡೆಯ ಒಬ್ಬ ಅಜ್ಜನ ಮಗ ಎಲ್ಲಕ್ಕೂ ತಲೆ ಅಲ್ಲಾಡಿಸಿದ. ಹಿಂದೆ ನಿಂತಿದ್ದ ಸೊಸೆ ಮೆಲ್ಲಗೆ, 'ಏನ್ರೀ, ದೀಪಾವಳಿ ಹೊತ್ನಾಗೆ ಮಾವಾರಿಗೆ ಕೊಟ್ಟಿಗೆ ತೊಲೆ ಬಡಿದಿತ್ತಲ್ಲ, ಎಣ್ಣೆ ಹಚ್ಚಿದ್ವಲ್ಲ' ಅಂದಳು. ಅಲ್ಲಿಗೆ ನನಗೆ ಬೇಕಾದ್ದು ಸಿಕ್ಕಿತು. ಎರಡೂ ಕೈ ಮುಂದೆ ಚಾಚಿ, ಅಂಗೈ ಮೇಲೆ ಮಾಡಿ, ಕಣ್ಣು ಮುಚ್ಚಿ ಅಂದೆ. ಎಡಗೈ ನಿಧಾನಕ್ಕೆ ಒಳಕ್ಕೆ ಹೊರಳಿ ಕೆಳಗಿಳಿಯಿತು. ಸ್ಕ್ಯಾನಿಂಗ್‌ಗೆ ಕಳಿಸುವ ಮುಂಚೆಯೇ ಬಲಭಾಗದಲ್ಲಿ ರಕ್ತ ಇದೆ ಅಂತ ಚೀಟಿಯಲ್ಲಿ ಬರೆದೆ.

ಸಿಟಿ ಸ್ಕ್ಯಾನ್ ಬಗ್ಗೆ ಒಂದು ಮಾತು. ಹೊಸ ರಕ್ತ ಬಿಳಿ ಕಾಣುತ್ತೆ, ಹಳೆಯದು ಕಪ್ಪು. ನಡುವೆ ಎರಡು ಮೂರು ವಾರದ ಹೊತ್ತಿಗೆ ಅದು ಮೆದುಳಿನ ಬೂದುಬಣ್ಣಕ್ಕೇ ಬಂದಿರುತ್ತೆ, ಎದುರಿಗೇ ಇದ್ದರೂ ಕಾಣಲ್ಲ. ಎರಡೂ ಕಡೆ ಇದ್ದರಂತೂ ಮೆದುಳು ಒಂದು ಪಕ್ಕಕ್ಕೆ ಸರಿದಿರಲ್ಲ, ಸ್ಕ್ಯಾನ್ ನಾರ್ಮಲ್ ಅನ್ನಿಸಿಬಿಡುತ್ತೆ. ಮೆದುಳಿನ ಮಡಿಕೆಗಳು ಬುರುಡೆಯ ಅಂಚಿನವರೆಗೆ ಬರ್ತಿಲ್ಲ ಅನ್ನೋದೊಂದೇ ಸುಳಿವು. ತಾಲ್ಲೂಕಿನ ಡಾಕ್ಟರ್ ಗೆಳೆಯರು ಫಿಲ್ಮನ್ನು ಟ್ಯೂಬ್‌ಲೈಟಿಗೆ ಹಿಡಿದು ಫೋಟೊ ತೆಗೆದು ವಾಟ್ಸಾಪ್ ಮಾಡ್ತಾರೆ. ದಯವಿಟ್ಟು ಕಂಪ್ಯೂಟರ್ ಪರದೆಯ ಮೇಲೆ ಒಂದೊಂದೇ ಪದರ ಸರಿಸುತ್ತಾ ವಿಡಿಯೊ ಮಾಡಿ ಕಳಿಸಿ.

ಈ ರಕ್ತ ಎಲ್ಲಿಂದ ಬರುತ್ತೆ, ಯಾಕೆ ವಾರಗಟ್ಟಲೆ ಬೆಳೆಯುತ್ತೆ ಅನ್ನೋದರ ಚರಿತ್ರೆ ಸ್ವಾರಸ್ಯವಾಗಿದೆ. 1857ರಲ್ಲಿ ಜರ್ಮನಿಯ ರುಡಾಲ್ಫ್ ವಿರ್ಕೊ ಇದು ಡ್ಯೂರಾದ, ಅಂದರೆ ಬುರುಡೆಯ ಒಳಗೆ ಮೆದುಳನ್ನು ಸುತ್ತಿರುವ ಗಟ್ಟಿ ಪೊರೆಯ, ಉರಿಯೂತ ಅಂದ. 1914ರಲ್ಲಿ ಲಂಡನ್ನಿನ ಸರ್ಜನ್ ವಿಲ್ಫ್ರೆಡ್ ಟ್ರಾಟರ್ ಅದನ್ನು ಒಪ್ಪದೆ, ಮೆದುಳಿನಿಂದ ಪೊರೆಗೆ ದಾಟುವ ಸಣ್ಣ ಸಿರೆ ಹರಿದು ರಕ್ತ ಸೋರುತ್ತೆ ಅಂದ. ನಾವೆಲ್ಲ ಓದಿದ್ದು ಟ್ರಾಟರ್‌ನ ಪಾಠವನ್ನೇ. ವಯಸ್ಸಾದಂತೆ ಮೆದುಳು ಕುಗ್ಗುತ್ತೆ, ಸಿರೆ ಬಿಗಿಯಾಗುತ್ತೆ, ಸಣ್ಣ ಪೆಟ್ಟಿಗೂ ಹರಿಯುತ್ತೆ. ಶುರುವಾಗೋದು ಹಾಗೇ ಇರಬಹುದು. ಆದರೆ ಬೆಳೆಯೋದು ಬೇರೆ ಕಾರಣಕ್ಕೆ ಅನ್ನೋದು ಈಗಿನ ತಿಳಿವಳಿಕೆ. ನಿಂತ ರಕ್ತದ ಸುತ್ತ ದೇಹ ಒಂದು ಪೊರೆ ಕಟ್ಟುತ್ತೆ, ಪೊರೆಯೊಳಗೆ ಹೊಸ ರಕ್ತನಾಳ ಹುಟ್ಟುತ್ತವೆ, ಅವು ಬಲಿತಿರದೆ ಸದಾ ಸೋರುತ್ತಿರುತ್ತವೆ. ಇದನ್ನೆಲ್ಲ ನಡೆಸೋದು ಉರಿಯೂತ. ವಿರ್ಕೊ ನೂರೈವತ್ತು ವರ್ಷದ ಮೇಲೆ ವಾಪಸ್ ಬಂದ ಹಾಗಾಯ್ತು. ಡ್ಯೂರಾ ಬರೀ ಹೊದಿಕೆ ಅಂತ ನಮಗೆ ಕಲಿಸಿದ್ದರು. 2015ರಲ್ಲಿ ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದವರೂ ಹೆಲ್ಸಿಂಕಿಯವರೂ ಇಲಿಗಳ ಆ ಪೊರೆಯಲ್ಲಿ ದುಗ್ಧನಾಳಗಳನ್ನು, ಅಂದರೆ ದ್ರವವನ್ನೂ ರೋಗನಿರೋಧಕ ಕೋಶಗಳನ್ನೂ ಸಾಗಿಸುವ ಲಿಂಫ್ ನಾಳಗಳನ್ನು, ತೋರಿಸಿದ ಮೇಲೆ ಆ ಮಾತೂ ನಿಲ್ಲಲಿಲ್ಲ.

ಇನ್ನು ಆಪರೇಷನ್. ನಾನು ಆದಷ್ಟೂ ಪೂರ್ತಿ ಮಂಪರು ಕೊಡಿಸಲ್ಲ. ಈ ವಯಸ್ಸಿನವರ ಹೃದಯ, ಶ್ವಾಸಕೋಶ ಎರಡೂ ನಂಬಿಕಸ್ಥವಲ್ಲ. ಚರ್ಮ ಮರಗಟ್ಟಲಿ ಅಂತ ಅಡ್ರಿನಲಿನ್ ಬೆರೆಸಿದ ಲಿಗ್ನೋಕೇನ್ ಚುಚ್ಚಿ ಎರಡು ಕಡೆ ಸಣ್ಣದಾಗಿ ಕುಯ್ಯೋದು, ಒಂದು ಮುಂದೆ, ಒಂದು ಹಿಂದೆ. ಡ್ರಿಲ್ ಇಡುವ ಮುಂಚೆ ಹೇಳಲೇಬೇಕು: 'ಅಜ್ಜಾರೆ, ಈಗ ಕೊರೆಯೋ ಸದ್ದು ಕೇಳುತ್ತೆ, ನೋವಾಗಲ್ಲ, ಅಲ್ಲಾಡಬೇಡಿ.' ಜಗಳೂರು ಕಡೆಯ ಒಬ್ಬರು ಬಟ್ಟೆ ಹೊದಿಕೆಯ ಕೆಳಗಿಂದಲೇ 'ಬೋರ್ ಹಾಕ್ತೀಯೇನಪ್ಪಾ? ಎಷ್ಟು ಅಡಿಗೆ ನೀರು ಬರ್ತೈತೆ ನೋಡು' ಅಂದರು. ಓಟಿಯಲ್ಲಿ ಎಲ್ಲರೂ ನಕ್ಕಿದ್ದಕ್ಕೆ ನಾನು ಡ್ರಿಲ್ ಒಂದು ನಿಮಿಷ ಕೆಳಗಿಡಬೇಕಾಯ್ತು. ಮೂಳೆ ತೂತಾದಾಗ ಡ್ಯೂರಾ ಬಿಳಿಯಾಗಿ ಕಾಣೋ ಬದಲು ನೀಲಿಯಾಗಿ ಕಾಣುತ್ತೆ. ಬೈಪೋಲಾರ್ ಅನ್ನೋ ವಿದ್ಯುತ್ ಚಿಮಟದಿಂದ ಸುಟ್ಟು ಅಡ್ಡಕ್ಕೂ ಉದ್ದಕ್ಕೂ ಕತ್ತರಿಸಿದರೆ ಕಪ್ಪುಗಂದು ದ್ರವ ಒಮ್ಮೆಲೇ ಚಿಮ್ಮುತ್ತೆ. ಎಷ್ಟೋ ಸಲ ಅಷ್ಟು ಹೊತ್ತಿಗೇ ಪೇಷೆಂಟಿನ ಮಾತು ತಿಳಿಯಾಗೋಕೆ ಶುರುವಾಗುತ್ತೆ.

ಮುಂದಿನ ಹೆಜ್ಜೆಯಲ್ಲೇ ಹೊಸ ಸಂಶೋಧನೆ ನನ್ನ ಕೈ ಹಿಡಿದಿದ್ದು. ಜಾಗವನ್ನು ಸಲೈನಿನಿಂದ ತೊಳೆಯೋದು ಹಳೇ ಪದ್ಧತಿ. ತೊಳೆಯೋದೇ ಬೇಡವಾ ಅಂತ ಫಿನ್ಲೆಂಡಿನವರು ಪರೀಕ್ಷೆ ಮಾಡಿದರು. 2024ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅದರ ಫಲಿತಾಂಶದಲ್ಲಿ ತೊಳೆಯದವರಲ್ಲಿ ಶೇ. 18.3 ಮಂದಿಗೆ ಮತ್ತೆ ಆಪರೇಷನ್ ಬೇಕಾಯ್ತು, ತೊಳೆದವರಲ್ಲಿ ಶೇ. 12.6 ಮಂದಿಗೆ. ಹಾಗಾಗಿ ತೊಳೆಯಬೇಕು. ಎಷ್ಟು ಬಿಸಿ ಇರಬೇಕು? ಇದನ್ನು ಯಾರು ಕೇಳ್ತಾರೆ ಅನ್ನಿಸುವಂಥ ಪ್ರಶ್ನೆ. ಸ್ವೀಡನ್ನಿನವರು ಕೇಳಿದರು. 541 ಜನರಲ್ಲಿ ಅರ್ಧದಷ್ಟು ಮಂದಿಗೆ ಕೋಣೆಯ ಉಷ್ಣತೆಯ ಸಲೈನ್, ಉಳಿದವರಿಗೆ ಮೈಬಿಸಿಯಷ್ಟು, ಅಂದರೆ 37 ಡಿಗ್ರಿಯ ಸಲೈನ್. ರಕ್ತ ಮತ್ತೆ ತುಂಬಿಕೊಂಡದ್ದು ತಣ್ಣಗಿದ್ದ ಗುಂಪಿನಲ್ಲಿ ಶೇ. 14, ಬೆಚ್ಚಗಿದ್ದ ಗುಂಪಿನಲ್ಲಿ ಶೇ. 6. ಬೆಚ್ಚಗಿದ್ದರೆ ಹೆಪ್ಪು ಚೆನ್ನಾಗಿ ಕರಗಿ ಬರುತ್ತೆ, ಹೊಸದಾಗಿ ಸೋರುವ ನಾಳಗಳಲ್ಲಿ ರಕ್ತ ಹೆಪ್ಪುಗಟ್ಟೋದೂ ಸರಿಯಾಗಿ ನಡೆಯುತ್ತೆ ಅನ್ನೋದು ವಿವರಣೆ. 2023ರಲ್ಲಿ ಅದನ್ನು ಓದಿದ ಮೇಲೆ ನಾನು ತಣ್ಣನೆಯ ಸಲೈನ್ ಮುಟ್ಟಿಲ್ಲ.

ಕೇಳೋಕೆ ಸುಲಭ, ಮಾಡೋಕೆ ಸ್ವಲ್ಪ ಕಿರಿಕಿರಿ. 'ಏಪ್ರಿಲ್‌ನಾಗೆ ನಮ್ಮ ಸ್ಟೋರ್ ರೂಮಿನ ಬಾಟ್ಲಿ ತಾನೇ 37ಕ್ಕೆ ಬಂದಿರುತ್ತೆ ಬಿಡಿ ಸಾರ್' ಅಂತ ನಮ್ಮ ಓಟಿ ಸಿಸ್ಟರ್ ತಮಾಷೆ ಮಾಡ್ತಾರೆ. ದಾವಣಗೆರೆಯ ಬೇಸಿಗೆ ಗೊತ್ತಿದ್ದವರಿಗೆ ಇದು ತಮಾಷೆ ಅನ್ನಿಸೋದೂ ಕಷ್ಟ. ಆದರೆ ಓಟಿಯೊಳಗೆ ಎಸಿ. ಬಾಟಲಿಗಳನ್ನು ಬಿಸಿನೀರಿನ ಟಬ್ಬಿನಲ್ಲಿಟ್ಟು ಥರ್ಮಾಮೀಟರ್ ಇಳಿಬಿಟ್ಟಿರ್ತೀವಿ. ಮೈಕ್ರೋವೇವ್ ಬೇಡವೇ ಬೇಡ, ಒಂದು ಕಡೆ ಸುಡುತ್ತೆ, ಇನ್ನೊಂದು ಕಡೆ ತಣ್ಣಗಿರುತ್ತೆ. ಎಲ್ಲವನ್ನೂ ಒಮ್ಮೆಗೇ ಸ್ಟೀಲ್ ಬಟ್ಟಲಿಗೆ ಸುರಿದರೆ ಎಸಿ ಗಾಳಿಗೆ ಕೆಲವೇ ನಿಮಿಷದಲ್ಲಿ ಆರಿಹೋಗುತ್ತೆ, ಅದಕ್ಕೇ ಸಿರಿಂಜಿಗೆ ಬೇಕಾದಷ್ಟೇ ಸುರಿಸಿಕೊಳ್ತೀನಿ. ಹಿಂದಿನ ತೂತಿನಿಂದ ಬಿಟ್ಟು ಮುಂದಿನ ತೂತಿನಿಂದ ಬರೋದನ್ನು ನೋಡ್ತಾ, ತಿಳಿಯಾಗೋವರೆಗೂ ತೊಳೆಯೋದು. ಅವಸರ ಇಲ್ಲ. ಕೊನೆಗೆ ಮುಂದಿನ ತೂತು ಎತ್ತರಕ್ಕೆ ಬರೋ ಹಾಗೆ ತಲೆ ತಿರುಗಿಸಿ, ಸಲೈನ್ ತುಂಬಿ, ಗಾಳಿಯೆಲ್ಲ ಹೋದ ಮೇಲೆ ಮುಚ್ಚೋದು.

ಮುಚ್ಚುವ ಮುಂಚೆ, ಉಳಿದ ದ್ರವ ಹೊರಬರಲಿ ಅಂತ ಒಂದು ನಳಿಕೆ, ಅಂದರೆ ಡ್ರೈನ್, ಬಿಡ್ತೀನಿ. ಇದು ಎಲ್ಲಕ್ಕಿಂತ ಹಳೆಯ ಪುರಾವೆ, ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದೂ ಹೌದು. 2009ರಲ್ಲಿ ಕೇಂಬ್ರಿಡ್ಜಿನವರು ಲ್ಯಾನ್ಸೆಟ್‌ನಲ್ಲಿ ಬರೆದರು: ಡ್ರೈನ್ ಇಟ್ಟವರಲ್ಲಿ ಶೇ. 9.3 ಮಂದಿಗೆ ಮತ್ತೆ ತುಂಬಿತು, ಇಡದವರಲ್ಲಿ ಶೇ. 24. ಆರು ತಿಂಗಳಲ್ಲಿ ಸತ್ತವರ ಲೆಕ್ಕ ಶೇ. 8.6 ಮತ್ತು ಶೇ. 18.1. ಒಂದು ರಬ್ಬರಿನಂಥ ನಳಿಕೆ ಸಾವನ್ನು ಅರ್ಧಕ್ಕೆ ಇಳಿಸಿತು ಅಂದರೆ ನಂಬೋಕೆ ಆಗಲ್ಲ, ಆದರೆ ಅಂಕಿ ಹಾಗಿದೆ. ಅದಕ್ಕೇ ಅಂತ ಸಿಗುವ ಡ್ರೈನುಗಳು ದುಬಾರಿ. ನಾವು ಎಳೆಮಕ್ಕಳಿಗೆ ಹಾಲು ಕೊಡೋ ಫೀಡಿಂಗ್ ಟ್ಯೂಬನ್ನೇ ಬಳಸೋದು, ಬೆಲೆ ನೂರು ರೂಪಾಯಿ ಮುಟ್ಟಲ್ಲ. ತುದಿಯಲ್ಲಿ ಕತ್ತರಿಯಿಂದ ಇನ್ನೆರಡು ಕಣ್ಣು ಮಾಡಿ, ಚರ್ಮದ ಅಡಿಯಲ್ಲಿ ಒಂದಿಷ್ಟು ದೂರ ಎಳೆದು ಹೊರತಂದು, ಮುಚ್ಚಿದ ಚೀಲಕ್ಕೆ ಸೇರಿಸಿ ಮಂಚದ ಕೆಳಗೆ ನೇತುಹಾಕಿದರೆ ಆಯ್ತು. ಎಳೆಯುವ ಒತ್ತಡ ಏನೂ ಬೇಡ. ನಳಿಕೆಯನ್ನು ಮೆದುಳಿನ ಪಕ್ಕ ಬಿಡದೆ ಬುರುಡೆಯ ಮೇಲೆಯೇ ಇಟ್ಟರೂ ಸಾಲುತ್ತೆ ಅಂತ ಸ್ವಿಟ್ಜರ್ಲೆಂಡಿನವರು 2019ರಲ್ಲಿ ತೋರಿಸಿದ್ದಾರೆ. ಮೆದುಳು ಬೇಗ ಮೇಲೆದ್ದು ಜಾಗವೇ ಇಲ್ಲದಿದ್ದಾಗ ನಾನೂ ಹಾಗೇ ಮಾಡ್ತೀನಿ.

'ಆಪರೇಷನ್ ಬ್ಯಾಡ್ರೀ ಸಾರ್, ಮಾತ್ರೆಲೇ ಕರಗಿಸಿ' ಅನ್ನೋರಿಗೆ ಏನು ಹೇಳೋದು? ಉರಿಯೂತ ಅಂದ ಮೇಲೆ ಸ್ಟೀರಾಯ್ಡ್ ಕೆಲಸ ಮಾಡಬೇಕಲ್ಲ ಅನ್ನೋದು ತರ್ಕ. ಹಿಂದೆ ನಾವೆಲ್ಲ ಡೆಕ್ಸಾಮೆಥಸೋನ್ ಅನ್ನೋ ಸ್ಟೀರಾಯ್ಡ್ ಬರೆದಿದ್ದೂ ಇದೆ, ಈಗಲೂ ಕೆಲವು ಪೇಷೆಂಟುಗಳು ಅದನ್ನು ಬರೆಸಿಕೊಂಡೇ ನನ್ನ ಹತ್ತಿರ ಬರ್ತಾರೆ. ಬ್ರಿಟನ್ನಿನಲ್ಲಿ 748 ಜನರ ಮೇಲೆ ನಡೆದ ಪರೀಕ್ಷೆ 2020ರ ಕೊನೆಗೆ ಪ್ರಕಟವಾಯ್ತು. ಆರು ತಿಂಗಳ ನಂತರ ಚೆನ್ನಾಗಿದ್ದವರು ಸ್ಟೀರಾಯ್ಡ್ ಗುಂಪಿನಲ್ಲಿ ಶೇ. 83.9, ಬರೀ ಸಕ್ಕರೆಗುಳಿಗೆ ನುಂಗಿದವರಲ್ಲಿ ಶೇ. 90.3. ತಮಾಷೆ ಏನಂದರೆ ಮರು ಆಪರೇಷನ್ ಸ್ಟೀರಾಯ್ಡ್ ಗುಂಪಿನಲ್ಲೇ ಕಡಿಮೆ, ಶೇ. 1.7, ಇನ್ನೊಂದರಲ್ಲಿ ಶೇ. 7.1. ರಕ್ತ ತುಂಬೋದು ಕಡಿಮೆಯಾಯ್ತು, ಮನುಷ್ಯ ಮಾತ್ರ ಇನ್ನಷ್ಟು ಕೆಟ್ಟ. ಶುಗರ್ ಇರುವ ಎಪ್ಪತ್ತೈದರ ಅಜ್ಜನಿಗೆ ಸ್ಟೀರಾಯ್ಡ್ ಕೊಟ್ಟರೆ ಆಗೋ ಕಷ್ಟ ವಾರ್ಡಿನಲ್ಲಿ ಕೆಲಸ ಮಾಡಿದವರಿಗೆ ಹೇಳಬೇಕಾಗಿಲ್ಲ. ನಿಂತ ರಕ್ತದ ಪದರ ತೆಳ್ಳಗಿದ್ದು ಆಪರೇಷನ್ ಅಗತ್ಯವೇ ಇಲ್ಲದವರಿಗೆ ಮಾತ್ರ ಅಟೊರ್ವಾಸ್ಟಾಟಿನ್ ಅನ್ನೋ ಕೊಲೆಸ್ಟ್ರಾಲ್ ಮಾತ್ರೆ 20 ಮಿಲಿಗ್ರಾಂ ಬರೀತೀನಿ. ಅದು 2018ರ ಚೀನಾದ ಒಂದು ಅಧ್ಯಯನದ ಬಲದ ಮೇಲೆ.

ಈಗ ಎಲ್ಲರೂ ಮಾತಾಡ್ತಿರೋದು ಎಂಬೊಲೈಸೇಷನ್ ಬಗ್ಗೆ. ಆ ಸೋರುವ ಪೊರೆಗೆ ರಕ್ತ ಕೊಡೋದು ಮಿಡಲ್ ಮೆನಿಂಜಿಯಲ್ ಅನ್ನೋ ಧಮನಿ. ಕೈಯ ಅಥವಾ ತೊಡೆಸಂದಿನ ರಕ್ತನಾಳದಿಂದ ಕೂದಲೆಳೆಯಂಥ ಕ್ಯಾಥೆಟರ್ ಹಾಯಿಸಿ ಅದನ್ನು ಒಳಗಿಂದ ಮುಚ್ಚಿಬಿಟ್ಟರೆ? 2024ರ ನವೆಂಬರಿನಲ್ಲಿ ಇದರ ದೊಡ್ಡ ಪರೀಕ್ಷೆಗಳು ಒಟ್ಟಿಗೇ ಪ್ರಕಟವಾದವು. ಅಮೆರಿಕದ 400 ಜನರ ಪರೀಕ್ಷೆಯಲ್ಲಿ ಆಪರೇಷನ್ ಜೊತೆಗೆ ಇದನ್ನೂ ಮಾಡಿಸಿಕೊಂಡವರಲ್ಲಿ ಶೇ. 4.1 ಮಂದಿಗೆ ಮರು ಆಪರೇಷನ್ ಬೇಕಾಯ್ತು, ಆಪರೇಷನ್ ಮಾತ್ರ ಆದವರಲ್ಲಿ ಶೇ. 11.3. ಚೀನಾದ 722 ಜನರ ಪರೀಕ್ಷೆಯಲ್ಲಿ ರಕ್ತ ಮತ್ತೆ ತುಂಬಿ ಇಲ್ಲವೇ ಬೆಳೆದು ತೊಂದರೆ ಕೊಟ್ಟದ್ದು ಇದನ್ನು ಮಾಡಿಸಿಕೊಂಡವರಲ್ಲಿ ಶೇ. 6.7, ಮಾಡಿಸಿಕೊಳ್ಳದವರಲ್ಲಿ ಶೇ. 9.9, ಆ ವ್ಯತ್ಯಾಸ ಆಕಸ್ಮಿಕವೂ ಇರಬಹುದು ಅನ್ನುವಷ್ಟು ಸಣ್ಣದು. ಬೆಚ್ಚಗಿನ ಸಲೈನಿನ ಶೇ. 6 ಪಕ್ಕದಲ್ಲಿಟ್ಟು ನೋಡಿ. ಬೇರೆ ಬೇರೆ ದೇಶದ, ಬೇರೆ ಬೇರೆ ಪೇಷೆಂಟುಗಳ ಅಂಕಿಯನ್ನು ಹೀಗೆ ಹೋಲಿಸಬಾರದು ಅಂತ ನನಗೂ ಗೊತ್ತು. ಆದರೂ ಲಕ್ಷಗಟ್ಟಲೆ ಖರ್ಚಿನ ಮಾತು ಬಂದಾಗ ಮನಸ್ಸು ಹೋಲಿಸುತ್ತೆ.

ನಮ್ಮೂರಿನಲ್ಲಿ ಹೃದಯಕ್ಕೆ ಕ್ಯಾಥ್‌ಲ್ಯಾಬ್, ಅಂದರೆ ಹೀಗೆ ಕ್ಯಾಥೆಟರ್ ಹಾಯಿಸುವ ಕೋಣೆ, ಇದೆ, ಕೊರತೆ ಇರೋದು ಮೆದುಳಿನ ನಾಳದಲ್ಲಿ ಕೈ ಪಳಗಿದವರದ್ದು. ಆ ಧಮನಿಯ ಕವಲು ಕೆಲವರಲ್ಲಿ ಕಣ್ಣಿನ ರಕ್ತನಾಳಕ್ಕೆ ಕೂಡಿಕೊಂಡಿರುತ್ತೆ. ಅದನ್ನು ಗುರುತಿಸದೆ ಮುಚ್ಚಿದರೆ ದೃಷ್ಟಿಯೇ ಹೋಗಬಹುದು. ಕಲಿಯೋಕೆ ಅಂತ ಮಾಡುವ ಕೆಲಸವಲ್ಲ ಅದು. ಹಾಗಾಗಿ ಎರಡು ಬಗೆಯವರನ್ನು ಬೆಂಗಳೂರಿಗೆ ಕಳಿಸ್ತೀನಿ: ಸರಿಯಾಗಿ ತೊಳೆದು ಡ್ರೈನ್ ಇಟ್ಟರೂ ಮತ್ತೆ ತುಂಬಿಕೊಂಡವರು, ರಕ್ತ ತೆಳು ಮಾಡುವ ಮಾತ್ರೆಯನ್ನು ಬಿಡಿಸೋಕೇ ಆಗದವರು. ಉಳಿದವರಿಗೆ 260 ಕಿಲೋಮೀಟರ್ ಆಂಬುಲೆನ್ಸ್ ಸದ್ಯಕ್ಕೆ ಬೇಡ ಅನ್ನೋದು ನನ್ನ ಅಭಿಪ್ರಾಯ.

ಆಪರೇಷನ್ ಆದ ಮೇಲೆ ಎರಡು ದಿನ ದಿಂಬಿಲ್ಲದೆ ಅಂಗಾತ ಮಲಗಿಸೋದು ನಾವು ಕಲಿತ ಪಾಠ. ಪೋರ್ಚುಗಲ್ಲಿನ ಒಂದು ಅಧ್ಯಯನ ಬೇಗ ಎಬ್ಬಿಸಿ ಕೂರಿಸಿದವರಲ್ಲಿ ಸೋಂಕಿನಂಥ ತೊಂದರೆ ಕಡಿಮೆ, ರಕ್ತ ತುಂಬೋದೇನೂ ಜಾಸ್ತಿ ಆಗಲಿಲ್ಲ ಅಂತ ತೋರಿಸಿತು. ಈಗ ಮಾರನೇ ಬೆಳಿಗ್ಗೆಯೇ ಡ್ರೈನ್ ಮುಚ್ಚಿಕೊಂಡು ಕೂರಿಸಿ, ಫಿಸಿಯೋದವರನ್ನು ಕರೆಸ್ತೀವಿ. ಹೆಚ್ಚಿನ ಮನೆಯವರಿಗೆ ಇದು ಒಪ್ಪಿಗೆ ಆಗಲ್ಲ. 'ತಲೆ ಆಪರೇಷನ್ ಆಗೈತೆ, ನಡೆಸ್ತೀರಲ್ರೀ' ಅಂತ ಜಗಳಕ್ಕೇ ಬರ್ತಾರೆ. ಅಜ್ಜ ತಾನಾಗಿ ಕಾಫಿ ಕೇಳಿದ ಮೇಲೆ ಸುಮ್ಮನಾಗ್ತಾರೆ.

ಆರು ವಾರಕ್ಕೊಂದು ಸ್ಕ್ಯಾನ್. ಅದರಲ್ಲಿ ತೆಳ್ಳನೆಯ ಪದರ ಉಳಿದಿದ್ದರೂ ಮನುಷ್ಯ ಚೆನ್ನಾಗಿದ್ದರೆ ನಾನು ಮುಟ್ಟಲ್ಲ. ಕಷ್ಟದ ಪ್ರಶ್ನೆ ಅಂದರೆ ಆಪರೇಷನ್‌ಗೆ ಅಂತ ನಿಲ್ಲಿಸಿದ, ರಕ್ತ ತೆಳು ಮಾಡುವ ಹಾರ್ಟಿನ ಮಾತ್ರೆಯನ್ನು ಮತ್ತೆ ಯಾವಾಗ ಶುರು ಮಾಡೋದು. ಅದಕ್ಕೆ ಹಾರ್ಟ್ ಡಾಕ್ಟರಿಗೂ ನನಗೂ ಫೋನಿನಲ್ಲಿ ಚೌಕಾಸಿ ನಡೆಯುತ್ತೆ. ಅವರು ನಾಳೆ ಅಂತಾರೆ, ನಾನು ಇನ್ನೆರಡು ವಾರ ತಡೀರಿ ಅಂತೀನಿ. ಸ್ಟೆಂಟ್ ಹೊಸದಾಗಿದ್ದರೆ ಅವರ ಮಾತೇ ನಡೆಯೋದು.